ಮನೆಯ ಪಾಲು, ಹಗೇವಿನ ಪಾಲು

ಶ್ರೀ ಗುರುಬಸವ

ಸಾಂಗಲಿ, ಅರಿಶಿನ ಪೇಟೆಯ ಮನೆ
ದುರ್ಮುಖಿ ಸಂವತ್ಸರ, ಕಾರ್ತಿಕ ಶುದ್ಧ ಪಂಚಮಿ, ಬುಧವಾರ
೭ ನವೆಂಬರ ೧೯೫೬

ಮಡಗಾಸ್ಕರ ದ್ವೀಪದಲ್ಲಿರುವ ಪ್ರೀತಿಯ ಮಗು ಮುರಿಗೆಪ್ಪನಿಗೆ, ನಿನ್ನ ದೊಡ್ಡಪ್ಪ ಶಿವಲಿಂಗಪ್ಪನ ತುಂಬುಮನಸ್ಸಿನ ಹರಕೆಗಳು.

ಮೊದಲು ನಿನ್ನ ಆರೋಗ್ಯದ ಮಾತು. ಹೋದ ಸಲ ಬರೆದಿದ್ದ ಚಳಿಜ್ವರ ಪೂರ್ತಿ ಬಿಟ್ಟಿತೇ? ಕಾಡಿನಲ್ಲಿ ಮಲಗುವಾಗ ಸೊಳ್ಳೆಯ ಪರದೆಯನ್ನು ಕಟ್ಟಿಕೊಳ್ಳುತ್ತೀಯೋ, ಇಲ್ಲವೇ ಇಲ್ಲಿದ್ದಾಗಿನಂತೆ ಸೆಕೆಯೆಂದು ಮೂಲೆಗೆ ಎಸೆಯುತ್ತೀಯೋ? ಅಲ್ಲಿ ಮೂರು ಹೊತ್ತೂ ಅನ್ನವಂತೆ. ಜೋಳದ ರೊಟ್ಟಿ ಕಾಣದ ಹೊಟ್ಟೆ ಹೇಗೆ ತಾಳಿಕೊಂಡಿದೆಯೋ ಕಾಣೆ. ನಾನು ಮಿರಜದ ಆಸ್ಪತ್ರೆಯಲ್ಲಿ ಬಲಗಣ್ಣಿನ ಪೊರೆ ತೆಗೆಸಿಕೊಂಡೆ. ಈಗ ದಪ್ಪ ಗಾಜಿನ ಕನ್ನಡಕ ಬಂದಿದೆ. ಹತ್ತಿರದ ಅಕ್ಷರ ಮೊದಲಿಗಿಂತ ಸ್ಪಷ್ಟ. ಪಡಸಾಲೆಯ ಆ ತುದಿಯಲ್ಲಿ ನಿಂತವರ ಮುಖ ಮಾತ್ರ ಮಬ್ಬುಮಬ್ಬು. ನಿನ್ನ ದೊಡ್ಡವ್ವ ಮಗಳ ಬಾಣಂತನಕ್ಕೆಂದು ಅಥಣಿಗೆ ಹೋದವಳು ಇನ್ನೂ ಬಂದಿಲ್ಲ. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಅವಳು ಹೋಗುವಾಗ ಅಥಣಿ ನಮ್ಮದೇ ರಾಜ್ಯದಲ್ಲಿತ್ತು. ಬರುವಾಗ ಬೇರೆ ರಾಜ್ಯದಿಂದ ಬರಬೇಕು. ನಿನ್ನ ತಾಯಿ ಸರುಬಾಯಿಯ ದೇಹ ಸೌಖ್ಯವಾಗಿದೆ. ಅವಳ ಮನಸ್ಸಿನ ವಿಷಯವನ್ನು ಮುಂದೆ ಬರೆಯುತ್ತೇನೆ. ಈ ಓಲೆಯನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ.

ಕಳೆದ ಗುರುವಾರ ಕನ್ನಡ ನಾಡು ಒಂದಾಯಿತು. ಧಾರವಾಡದಲ್ಲಿ ಓದುತ್ತಿದ್ದ ಕಾಲದಿಂದ ನಾನು ಯಾವ ದಿನಕ್ಕಾಗಿ ಕಾದಿದ್ದೆನೋ ಆ ದಿನ ಬಂದಿತು. ಬಂದು, ನಮ್ಮ ಊರನ್ನು ಬಿಟ್ಟು ಮುಂದಕ್ಕೆ ಹೋಯಿತು. ಎಂಟು ವರುಷಗಳ ಹಿಂದೆ ಸಂಸ್ಥಾನಗಳ ವಿಲೀನವಾದಾಗ ಸಾಂಗಲಿಯೂ ಮಿರಜವೂ ದೊರೆಗಳ ಕೈಯಿಂದ ಮುಂಬಯಿಯ ಕೈಗೆ ಹೋದವು. ಅದು ತಾತ್ಕಾಲಿಕ, ಭಾಷೆಯಂತೆ ಪ್ರಾಂತಗಳಾಗುವಾಗ ಎಲ್ಲವೂ ಸರಿಹೋಗುವುದು ಎಂದು ನಾನು ಎಷ್ಟು ಜನರಿಗೆ ಹೇಳಿದ್ದೆನೋ! ಈಗ ಗೆರೆ ಎಳೆದಾಯಿತು. ಮಿರಜದ ನಮ್ಮ ವಾಚನಾಲಯದಲ್ಲಿ ನಾವು ಕೆಲವರು ಸೇರಿ ದೀಪ ಹಚ್ಚಿ ಸಕ್ಕರೆ ಹಂಚಿದೆವು, ಬೇರೆಯವರ ಮನೆಯ ಮದುವೆಗೆ ನಮ್ಮ ಮನೆಯಲ್ಲಿ ಹೋಳಿಗೆ ಮಾಡಿದ ಹಾಗೆ. ಮರುದಿನ ಪೇಟೆಯಲ್ಲಿ ದಲಾಲಿ ಪಾಯಪ್ಪ ಎಲ್ಲರೆದುರು ಕೇಳಿದ: ʻಸಾವಕಾರ್ರ, ನೀವು ಈಗ ಆಕಡೇನೋ ಈಕಡೇನೋ? ಗಡಿ ನಿಮ್ಮ ಜೋಕಾಲಿ ಮ್ಯಾಲಿಂದ ಹೋಗೇತೇನ್ರಿ?ʼ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಮನಸ್ಸು ಅಂದಿನಿಂದ ಯಾವುದನ್ನೂ ನೆಟ್ಟಗೆ ನಂಬದಾಗಿದೆ. ಯಾವ ತಾಲೂಕು ಯಾರ ಪಾಲು, ಯಾವ ಹಳ್ಳಿ ಯಾರ ಪಾಲು, ನದಿಯ ನೀರು ಯಾರ ಪಾಲು: ಚಹದ ಅಂಗಡಿಯಿಂದ ಅರಿಶಿನದ ಸವಾಲು ಕೂಗುವ ಕಟ್ಟೆಯವರೆಗೆ ಇದೊಂದೇ ಶಬ್ದ. ಇಂಥ ಹೊತ್ತಿನಲ್ಲಿ ಅದೇ ಶಬ್ದವು ನಿನ್ನ ಹೆಸರಿನಲ್ಲಿ ನಮ್ಮ ಮನೆಯ ಹೊಸ್ತಿಲನ್ನು ದಾಟಿ ಬಂದೀತೆಂದು ನಾನು ಎಣಿಸಿರಲಿಲ್ಲ.

ಮಗು, ನಿನ್ನ ಓಲೆ ಚೈತ್ರದಿಂದೀಚೆಗೆ ಬಂದಿಲ್ಲ. ಮೊದಲು ಪ್ರತಿ ಹಡಗಿಗೂ ಒಂದು ಬರುತ್ತಿತ್ತು. ನಾನು ಅದನ್ನು ಓದಿ, ತಪ್ಪಿದಲ್ಲಿ ಕೆಂಪು ಶಾಯಿಯಿಂದ ತಿದ್ದಿ, ನನ್ನ ಉತ್ತರದೊಡನೆ ಹಿಂದಕ್ಕೆ ಕಳುಹಿಸುತ್ತಿದ್ದೆ. ದೂರದೇಶದಲ್ಲಿ ಕನ್ನಡ ಕಿವಿಗೆ ಬೀಳದವನ ಕೈಯಾದರೂ ಕೆಡದಿರಲಿ ಎಂಬ ಪ್ರೀತಿಯಿಂದಲೇ ಹೊರತು ಬೇರೆ ಉದ್ದೇಶವಿರಲಿಲ್ಲ. ನಿನ್ನ ಕೊನೆಯ ಓಲೆಯ ತುಂಬ ಹಲ್ಲಿಗಳ ವರ್ಣನೆಯಿತ್ತು. ನಿನ್ನ ಫ್ರೆಂಚ್ ಪಂಡಿತರೊಡನೆ ನೀನು ಕಾಡಿನಲ್ಲಿ ಹುಡುಕುವ ಆ ಹಲ್ಲಿ ಹಗಲೆಲ್ಲ ಮರದ ಕಾಂಡಕ್ಕೆ ತಲೆಕೆಳಗಾಗಿ ಅಂಟಿಕೊಂಡು ಮಲಗುವುದಂತೆ. ಅದರ ಬಾಲ ಒಣಗಿದ ಎಲೆಯಂತೆ ಚಪ್ಪಟೆಯಂತೆ. ದವಡೆಗೂ ಪಕ್ಕೆಗೂ ಇರುವ ಚರ್ಮದ ಅಂಚನ್ನು ತೊಗಟೆಗೆ ಒತ್ತಿಕೊಂಡರೆ ಮೈಯ ನೆರಳೂ ಬೀಳದೆ, ಎದುರಿಗೆ ನಿಂತವನಿಗೂ ತೊಗಟೆಯೇ ಕಾಣುವುದಂತೆ. ರೆಪ್ಪೆಯಿಲ್ಲದ ಕಣ್ಣನ್ನು ನಾಲಗೆಯಿಂದ ಒರೆಸಿಕೊಳ್ಳುತ್ತದೆ, ಕೆಣಕಿದರೆ ಕೆಂಪು ಬಾಯಿ ತೆರೆದು ನಿಲ್ಲುತ್ತದೆ, ಅದು ಹಾರಿ ಎದೆಗೆ ಅಂಟುವುದೆಂದು ಅಲ್ಲಿಯ ಜನರು ಅಂಜುತ್ತಾರೆ ಎಂದೆಲ್ಲ ಬರೆದಿದ್ದೆ. ಆ ಕುಲವು ಆ ಒಂದು ದ್ವೀಪದಲ್ಲಲ್ಲದೆ ಭೂಮಿಯ ಮೇಲೆ ಬೇರೆಲ್ಲಿಯೂ ಇಲ್ಲ ಎಂದೂ, ಹಳೆಯ ಪಂಡಿತರು ಬೇರೆ ಬೇರೆಯೆಂದು ಹೆಸರಿಟ್ಟವುಗಳಲ್ಲಿ ಕೆಲವನ್ನು ಕೂಡಿಸುವ, ಒಂದೇ ಎಂದವುಗಳಲ್ಲಿ ಕೆಲವನ್ನು ಒಡೆಯುವ ಕೆಲಸ ನಡೆದಿದೆ ಎಂದೂ ಬರೆದಿದ್ದೆ. ʻಕುಲʼ ಎಂಬ ಶಬ್ದವನ್ನು ಸರಿಯಾಗಿ ಬಳಸಿದ್ದೆ. ಅಲ್ಲಿ ಕೆಂಪು ಹಚ್ಚಲಿಲ್ಲ. ಕೊನೆಯಲ್ಲಿ ನಿನ್ನ ಬಾಲ್ಯದ ಒಂದು ಮಾತಿತ್ತು: ಹರಿಪುರದಲ್ಲಿ ನಾವು ಅರಿಶಿನವನ್ನು ನೆಲದೊಳಗೆ ತುಂಬಿಡುವ ಹಗೇವಿನ ಬಾಯಲ್ಲಿ ನೀನು ಕಂಡಿದ್ದ ಹಳದಿ ಹಲ್ಲಿ ನಿಜವಾಗಿ ಹಳದಿಯೋ, ಅರಿಶಿನದ ಹುಡಿ ಕುಳಿತು ಹಳದಿಯೋ ಎಂದು. ಆ ವಾಕ್ಯದಲ್ಲಿ ಕರ್ತೃವಿಗೂ ಕ್ರಿಯೆಗೂ ಹೊಂದಿಕೆಯಿರಲಿಲ್ಲ; ತಿದ್ದಿ ಕಳುಹಿಸಿದೆ. ಆಮೇಲೆ ನೀನು ಬರೆಯಲೇ ಇಲ್ಲ.

ಈಗ ಆ ಓಲೆಯ ಒಂದೊಂದು ಮಾತೂ ನೆನಪಾಗಿ ಬೇರೆ ಅರ್ಥ ಕೊಡುತ್ತಿದೆ. ತೊಗಟೆಗೆ ಅಂಟಿಕೊಂಡು ಎದುರಿಗಿದ್ದವರಿಗೆ ಕಾಣದಿರುವುದು ಯಾರು? ಒಡೆಯುವ ಕೆಲಸ ನಡೆದಿರುವುದು ಎಲ್ಲಿ? ಮನಸ್ಸಿನೊಳಗಿನ ಬಯಕೆಯನ್ನು ಹಲ್ಲಿಯ ಮೇಲೆ ಹಾಕಿ ಹೇಳಿ, ಈ ಮುದುಕನಿಗೆ ತಿಳಿಯುವುದೋ ಇಲ್ಲವೋ ಎಂದು ನೋಡಿದೆಯೇನು? ಹೀಗೆ ನಾನು ಪಡಸಾಲೆಯಲ್ಲಿ ಕುಳಿತು ಯೋಚಿಸುವಾಗ ಜಂತೆಯ ಮೇಲಿನ ಹಲ್ಲಿ ಲೊಚಗುಟ್ಟುತ್ತದೆ. ಶಕುನಗಳನ್ನು ನಂಬುವವನು ನಾನಲ್ಲ, ಅದು ನಿನಗೆ ಗೊತ್ತು. ಆದರೂ ಕೈ ತಾನಾಗಿ ಹಲಗೆಯನ್ನು ತಟ್ಟುತ್ತದೆ, ಬಾಯಿ ʻನಿಜʼ ಎನ್ನುತ್ತದೆ.

ಮಾಲಗಾಂವದ ಕುರುಬರ ಭರಮಣ್ಣ ನಿನಗೆ ಗೊತ್ತಷ್ಟೆ. ಅವನು ಹಡಗಿನ ಖಲಾಸಿಯಾಗಿ ಮಜುಂಗಾ ಬಂದರಿಗೆ ಬಂದಾಗಲೆಲ್ಲ ನಿನ್ನನ್ನು ಕಾಣುತ್ತಾನೆಂದು ನೀನೇ ಬರೆದಿದ್ದೆ. ಈ ಸಲ ದೀಪಾವಳಿಗೆ, ಕುರಿಗಳ ಪೂಜೆಗೆಂದು ಊರಿಗೆ ಬಂದವನು ಹಬ್ಬದ ಹಿಂದಿನ ವಾರ ನಮ್ಮ ಮನೆಗೂ ಬಂದ. ಮೊದಲು ಹಿತ್ತಿಲ ಬಾಗಿಲಲ್ಲಿ ನಿನ್ನ ತಾಯಿಯೊಡನೆ ಏನನ್ನೋ ಹೇಳಿದ; ಅವಳು ನಕ್ಕದ್ದು ನನ್ನ ಕಿವಿಗೆ ಬಿದ್ದಿತು. ಆಮೇಲೆ ಪಡಸಾಲೆಗೆ ಬಂದು, ಕುಳ್ಳಿರೆಂದರೂ ಕುಳ್ಳಿರದೆ, ಕಂಬ ಹಿಡಿದು ನಿಂತು ಹೇಳಿದ ಮಾತನ್ನು ಅವನ ಬಾಯಲ್ಲಿ ಬಂದಂತೆಯೇ ಬರೆಯುತ್ತೇನೆ: ʻಸಾವಕಾರ್ರ, ಮುರಿಗೆಪ್ಪಗ ಪಾಲ ಬೇಕಂತ್ರಿ. ಮನ್ಯಾಗಿಂದೂ ಬೇಕಂತ, ಹರಿಪುರದ ಪೇವಿಂದೂ ಬೇಕಂತ. ಕೂಡಿ ಇಟ್ರ ಕಚ್ಚಾಟ ಆಗ್ತೈತಿ, ಮೊದಲಿಂದನ ಬ್ಯಾರೆ ಬ್ಯಾರೆ ಇಡ್ರಿ ಅಂತ ಹೇಳ್ಯಾನ್ರಿ.ʼ

ನನಗಾದ ಆಘಾತವನ್ನು ಆಳಿನ ಮುಂದೆ ತೋರಿಸಬಾರದೆಂದು ಅವನ ಮಾತನ್ನಷ್ಟೇ ತಿದ್ದಿದೆ. ನಮ್ಮ ಕಡೆಯ ಜನರು ಶಬ್ದದ ಕೊನೆಯ ಉಕಾರವನ್ನು ನುಂಗುತ್ತಾರೆ. ಮೇಲಾಗಿ, ಅಚ್ಚಕನ್ನಡದ ಹಗೇವನ್ನು ಬಿಟ್ಟು ಮರಾಠಿಯ ಪೇವು ಎನ್ನುತ್ತಾರೆ. ಆದ್ದರಿಂದ, ಪಾಲ ಅಲ್ಲ ಭರಮಣ್ಣ, ಪಾಲು ಎನ್ನಬೇಕು. ಪೇವು ಅಲ್ಲ, ಹಗೇವು ಎನ್ನಬೇಕು ಎಂದೆ. ಅವನು ತಲೆ ಕೆರೆದುಕೊಂಡು ನನ್ನ ಮುಖವನ್ನು ನೋಡಿದ. ʻನಿಮ್ಮ ಕನ್ನಡದಾಗ ಹಂಗ ಅಂತಾರೇನೋರಿ. ಆತು ಬಿಡ್ರಿ, ಪಾಲು ಅಂದ್ರ ಪಾಲು. ಹಡಗಕ್ಕ ಹೋಗೂ ಮುಂದ ಬಂದು ಒಯ್ತೀನಿʼ ಎಂದು ಹೊರಟೇಹೋದ. ಪಾಲನ್ನು ಒಯ್ಯುವುದೆಂದರೇನು, ಅದೇನು ಗಂಟೇ ಮೂಟೆಯೇ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ನನ್ನ ತಮ್ಮನ ಮಗನು ನನ್ನಿಂದ ಬೇರೆಯಾಗಬೇಕೆಂಬುದನ್ನು ಕುರಿ ಕಾಯುವವನ ಬಾಯಿಂದ ಎರಡು ಸಲ ಕೇಳುವ ಅಗತ್ಯ ನನಗೆ ಕಾಣಲಿಲ್ಲ.

ಅಂದಿನಿಂದ ನಿನ್ನ ತಾಯಿಯ ನಡತೆಯನ್ನು ನಾನು ಗಮನಿಸುತ್ತಿದ್ದೇನೆ. ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನೊಡನೆ ಎದುರುಬದುರಾಗಿ ಮಾತನಾಡುವ ವಾಡಿಕೆಯಿಲ್ಲ. ಅವಳು ಮರಾಠಿ ಮಾತಿನ ತಾಸಗಾಂವದಿಂದ ಸೊಸೆಯಾಗಿ ಬಂದಾಗ ಕನ್ನಡದ ಒಂದು ಶಬ್ದವೂ ಅವಳಿಗೆ ಬರುತ್ತಿರಲಿಲ್ಲ, ಇಲ್ಲಿಯೇ ಕಲಿತಳು. ಅವಳ ಮಾತು ತಪ್ಪಿದಾಗ ನಾನು ನಿನ್ನ ದೊಡ್ಡವ್ವನಿಗೆ ಹೇಳಿ ತಿದ್ದಿಸುತ್ತಿದ್ದೆ, ಅವಳು ಬಾಗಿಲ ಹಿಂದಿನಿಂದಲೇ ಒಪ್ಪಿಕೊಳ್ಳುತ್ತಿದ್ದಳು. ನಿನ್ನ ತಂದೆ ತೀರಿಕೊಂಡ ಮೇಲೆಯೂ ಅದೇ ಕ್ರಮ. ಈಗ ನಿನ್ನ ದೊಡ್ಡವ್ವ ಅಥಣಿಯಲ್ಲಿ; ನಮ್ಮಿಬ್ಬರ ನಡುವೆ ಕಸಮುಸುರೆಯ ನಾಗವ್ವನೇ ಮಾತಿನ ಸೇತುವೆ. ಭರಮಣ್ಣ ಬಂದುಹೋದ ಮರುದಿನದಿಂದ ನಿನ್ನ ತಾಯಿ ದೀಪ ಹಚ್ಚುವ ಹೊತ್ತಿಗೆ ಕಂದೀಲು ಹಿಡಿದು ಮನೆಯ ಗೋಡೆಗೋಡೆಯನ್ನೂ ನೋಡತೊಡಗಿದಳು. ನನ್ನ ಕಣ್ಣಿಗೆ ಕಂದೀಲಿನ ಬೆಳಕು ಜಂತೆಯಿಂದ ಜಂತೆಗೆ ಹೋಗುವುದಷ್ಟೇ ಕಾಣುತ್ತಿತ್ತು. ಒಮ್ಮೆ ಅಟ್ಟಕ್ಕೆ ಏಣಿ ಹಾಕಿದಳು. ಒಮ್ಮೆ ದೇವರ ಕೋಣೆಯ ಗೋಡೆಯನ್ನು ಪೊರಕೆಯ ಹಿಡಿಯಿಂದ ತಟ್ಟಿ ತಟ್ಟಿ ನೋಡಿದಳು. ಉಪ್ಪಿನಕಾಯಿಯ ಎರಡು ಹಳೆಯ ಭರಣಿಗಳನ್ನು ತೊಳೆದು ಬಿಸಿಲಿಗಿಟ್ಟಳು, ಅದೂ ಉಪ್ಪಿನಕಾಯಿ ಹಾಕುವ ಕಾಲವಲ್ಲದಾಗ. ಎರಡೇ ಏಕೆ? ಒಂದು ನನಗೆ, ಒಂದು ತನಗೆ ಎಂದು ಅಡುಗೆಮನೆಯ ಸಾಮಾನುಗಳನ್ನು ಈಗಿನಿಂದಲೇ ಬೇರ್ಪಡಿಸುತ್ತಿದ್ದಾಳೆಂದು ನನಗೆ ಹೊಳೆಯಿತು.

ಕೊನೆಗೆ ತಡೆಯಲಾರದೆ ನಾಗವ್ವನನ್ನು ಕರೆದು, ಮುರಿಗೆಪ್ಪ ಕೇಳಿದ ಪಾಲಿನ ವಿಷಯ ನಿಮ್ಮ ಅಕ್ಕನವರಿಗೆ ಗೊತ್ತಿದೆಯೋ ಇಲ್ಲವೋ ಕೇಳಿಕೊಂಡು ಬಾ ಎಂದೆ. ಅವಳು ಒಳಗೆ ಹೋಗಿ, ಹೋದಷ್ಟೇ ಬೇಗ ಬಂದಳು. ʻಹೂಂರಿ ಅಪ್ಪಾರ, ಎಲ್ಲಾ ಗೊತ್ತೈತಂತ. ದಿನಾ ಅದನ್ನ ನೋಡಾಕ ಹತ್ಯಾರಂತ. ಸಣ್ಣವು ಬ್ಯಾಡಂತ, ದೊಡ್ಡ ದೊಡ್ಡವ ಬೇಕಂತ. ಸೊಟ್ಟ ಬಾಲ ಇದ್ದದ್ದು ಯಾರಿಗೆ ಬೇಕು ಅಂದ್ರು.ʼ ಕೊನೆಯ ಮಾತು ನನಗೆ ಅರ್ಥವಾಗಲಿಲ್ಲ. ಹಿಂದಿನ ಹಿತ್ತಿಲು ಸೊಟ್ಟಾಗಿ ಬಾಲದಂತೆ ಚಾಚಿಕೊಂಡಿದೆಯಷ್ಟೆ. ಅದು ತನಗೆ ಬೇಡ, ಮುಂಭಾಗವೇ ಬೇಕು ಎಂಬುದು ಅವಳ ಇಂಗಿತವಿರಬೇಕು ಎಂದುಕೊಂಡೆ. ಇಷ್ಟು ಮುಂದಾಲೋಚನೆ ಅವಳಲ್ಲಿ ಇದೆಯೆಂದು ನನಗೆ ಈವರೆಗೆ ತಿಳಿದಿರಲಿಲ್ಲ.

ಅದರ ನಂತರ ಹರಿಪುರ. ಒಂದು ಮುಂಜಾನೆ ನನಗೆ ಹೇಳದೆ ಬಂಡಿ ಕಟ್ಟಿಸಿಕೊಂಡು ನಮ್ಮ ಹಗೇವುಗಳ ಹೊಲಕ್ಕೆ ಹೋಗಿಬಂದಳು. ಕಾವಲಿನ ಜ್ಯೋತೆಪ್ಪ ಸಂತೆಗೆ ಬಂದಾಗ ತಾನಾಗಿಯೇ ಹೇಳಿದ. ಮೂಲೆಯ ಹಗೇವಿನ ಬಾಯಿಯ ಮಣ್ಣು ತೆಗೆಸಿದಳಂತೆ. ಒಳಗಿನ ಕೆಟ್ಟ ಗಾಳಿ ಹೋಗುವವರೆಗೆ ದೂರ ನಿಂತಳಂತೆ. ಆಮೇಲೆ ಹೊಟ್ಟೆಯ ಮೇಲೆ ಮಲಗಿ, ತಲೆಯ ಸೆರಗು ಜಾರಿದರೂ ಲಕ್ಷಿಸದೆ, ಬಾಯಿಯ ಕಲ್ಲುಸಂದಿಗಳಲ್ಲಿ ಕಂದೀಲು ಹಿಡಿದು ನೋಡಿದಳಂತೆ. ʻಜ್ಯೋತೆಪ್ಪಾ, ನಮ್ಮ ಮುರಿಗ್ಯಾನ ಪಾಲ ಇದರಾಗ ಐತೇನೋ ನೋಡು ಅಂದ್ರು ನೋಡ್ರಿ ಅಕ್ಕಾರು!ʼ ಎಂದು ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಭರಮಣ್ಣ ಹೇಳಿದಾಗ ಅವಳು ನಕ್ಕಳು, ಅವಳು ಕೇಳಿದಾಗ ಇವನು ನಕ್ಕ, ನಾನೊಬ್ಬನೇ ನಗದವನು. ಈ ಮನೆ ಒಡೆಯುವುದು ಊರಿಗೆಲ್ಲ ನಗೆಯ ಮಾತಾಗಿ, ನನಗೆ ಮಾತ್ರ ಕೊನೆಯಲ್ಲಿ ತಿಳಿಯಬೇಕಾದ ಸುದ್ದಿಯಾಗಿದೆಯಲ್ಲ ಎಂದು ಅಂದು ನನಗೆ ಅನ್ನ ಸೇರಲಿಲ್ಲ.

ಗೆರೆ ಎಳೆಯುವವರು ಎಳೆಯುವ ತನಕ ಕಾಯುವುದು ಯಾವ ಅನಾಹುತಕ್ಕೆ ಎಡೆಯಾಗುವುದೆಂಬುದನ್ನು ಈ ವಾರವೇ ಕಂಡಿದ್ದೇನೆ. ಆದ್ದರಿಂದ ನಾನೇ ಮುಂದಾದೆ. ಹುಣ್ಣಿಮೆಯ ಮರುದಿನ ನಮ್ಮ ಮನೆಯಲ್ಲಿ ಕೂಡಬೇಕೆಂದು ಪೇಟೆಯ ಹಿರಿಯರಿಗೆ ಹೇಳಿಕಳುಹಿಸಿದೆ. ಮುರಿಗೆಪ್ಪ ಪಾಲು ಕೇಳಿದ್ದಾನೆ, ಅವನ ಮಾತಿನಂತೆಯೇ ಮನೆಯೂ ಹಗೇವುಗಳೂ ಬೇರೆಯಾಗುವುವು ಎಂದು ನಾಗವ್ವನ ಬಾಯಿಂದ ಒಳಗೂ ತಿಳಿಸಿದೆ. ನಾನು ಎಣಿಸಿದ್ದು ಒಂದು, ಆದದ್ದು ಇನ್ನೊಂದು. ಕಂದೀಲಿನ ಓಡಾಟ ನಿಂತಿತು. ನಗೆಯೂ ನಿಂತಿತು. ಮೂರು ದಿನಗಳಿಂದ ನಿನ್ನ ತಾಯಿ ಸರಿಯಾಗಿ ಉಂಡಿಲ್ಲವೆಂದು ನಾಗವ್ವ ಹೇಳುತ್ತಾಳೆ. ʻಅವರಿಗೆ ಹೆಂಗ ಬೇಕೋ ಹಂಗ ಮಾಡ್ಲಿ, ನಂದೇನೈತಿʼ ಎಂಬುದೊಂದೇ ಉತ್ತರ ಬಂದಿದೆ. ಬೇಡಿದ್ದು ಸಿಕ್ಕಾಗ ಮುಖ ಬಾಡಿಸಿಕೊಳ್ಳುವುದು ಏಕೆ? ಊರವರ ಮುಂದೆ ಒಡೆದವನು ನಾನೆಂದಾಗಬೇಕು, ತಾನು ಕಣ್ಣೀರು ತಂದವಳಾಗಬೇಕು ಎಂಬ ಉಪಾಯವಿರಬಹುದೇ? ಹೀಗೆ ಬರೆಯುವಾಗ ನನಗೇ ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ.

ಇಂದು ಬೆಳಿಗ್ಗೆ ಗಾರೆಯ ಕೆಲಸದ ವಿಠೋಬಾ ಬಂದು ಪಡಸಾಲೆಯನ್ನು ಅಳೆದು ನಡುವೆ ಸುಣ್ಣದ ಗೆರೆ ಹಾಕಿದ್ದಾನೆ. ಹೊಸ್ತಿಲಿನಿಂದ ಹೊರಟ ಗೆರೆ ನೇರವಾಗಿ ಜೋಕಾಲಿಯ ಕೆಳಗೆ ಹಾಯ್ದು ದೇವರ ಕೋಣೆಯನ್ನು ಮುಟ್ಟುತ್ತದೆ. ಗೋಡೆ ಎದ್ದರೆ ಜೋಕಾಲಿ ತೂಗದು. ಅವನೂ ಅದನ್ನೇ ಕೇಳಿದ: ʻಝೋಕಾ ಯಾರ ಕಡೆ ಹಾಕ್ಲಿರಿ?ʼ ನೀನು ಚಿಕ್ಕವನಿದ್ದಾಗ ದಡಾರವಾಗಿ ಹಾಸಿಗೆಯಲ್ಲಿ ನಿದ್ದೆ ಬಾರದೆ ಹೊರಳುತ್ತಿದ್ದೆ. ಈ ಜೋಕಾಲಿಯ ಮೇಲೆ ನಿನ್ನನ್ನು ಮಲಗಿಸಿಕೊಂಡು, ಕಾಲಿನಿಂದ ನೆಲವನ್ನು ಒದೆಯುತ್ತ, ನಿನಗೆ ವಿಭಕ್ತಿ ಪ್ರತ್ಯಯಗಳನ್ನು ರಾಗವಾಗಿ ಹೇಳಿ ನಿದ್ದೆ ಬರಿಸಿದ್ದೆ. ಪ್ರಥಮಾ, ದ್ವಿತೀಯಾ, ತೃತೀಯಾ. ಷಷ್ಠಿಗೆ ಬರುವಷ್ಟರಲ್ಲಿ ನಿನಗೆ ನಿದ್ದೆ ಹತ್ತುತ್ತಿತ್ತು. ಈ ಸಂಗತಿ ನಿನಗೆ ನೆನಪಿರಲಾರದು. ಪಾಲಿನ ಮಾತಿನಲ್ಲಿ ಇದಕ್ಕೆ ಬೆಲೆಯೂ ಇಲ್ಲ.

ಆದುದರಿಂದ, ಮಗು, ನಿನ್ನಿಂದ ನಾನು ಬೇಡುವುದು ಇಷ್ಟೇ. ನನಗೆ ಪಾಲು ಬೇಕು ಎಂಬುದನ್ನು ಖಲಾಸಿಯ ಬಾಯಿಂದ ಹೇಳಿಸದೆ ನಿನ್ನ ಕೈಯಿಂದಲೇ, ಕನ್ನಡದಲ್ಲಿ, ಬರೆದು ಕಳುಹಿಸು. ಅದು ಬರುವವರೆಗೆ ಗೋಡೆಯನ್ನು ಮೊಳಕಾಲೆತ್ತರಕ್ಕಿಂತ ಮೇಲೆ ಏರಿಸಬಾರದೆಂದು ಹೇಳಿದ್ದೇನೆ. ನಿನ್ನ ಬರಹದಲ್ಲಿ ತಪ್ಪಿದ್ದರೂ ನಾನು ಈ ಸಲ ತಿದ್ದುವುದಿಲ್ಲ; ಹಿರಿಯರನ್ನು ಮತ್ತೆ ಕೂಡಿಸಿ ಹಾಗೆಯೇ ಅವರ ಮುಂದೆ ಇಡುತ್ತೇನೆ. ನಿನಗೆ ಯಾವ ಭಾಗ ಬೇಕೆನಿಸುವುದೋ ಅದೇ ನಿನ್ನದಾಗಲಿ. ನಿನ್ನ ತಾಯಿಗೆ ನನ್ನ ಕಡೆಯಿಂದ ಯಾವ ಕೊರತೆಯೂ ಆಗದು, ಗೋಡೆಯ ಆಚೆಗಿದ್ದರೂ ಆಗದು.

ಜ್ವರದ ಗುಳಿಗೆಯನ್ನು ತಪ್ಪಿಸಬೇಡ. ಕಾಡಿನ ನೀರನ್ನು ಕಾಯಿಸಿ ಕುಡಿ. ನೀನು ಎಲ್ಲಿದ್ದರೂ, ಯಾರಿಂದ ಬೇರೆಯಾದರೂ, ಮೈಯಲ್ಲಿ ಕಸುವು, ಬಾಯಲ್ಲಿ ಕನ್ನಡ ಉಳಿದಿರಲಿ ಎಂದು ಲಿಂಗದ ಮುಂದೆ ದಿನವೂ ಬೇಡುವ,

ನಿನ್ನ ದೊಡ್ಡಪ್ಪ
ಶಿವಲಿಂಗಪ್ಪ

ತಾ. ಕ. — ಅಕ್ಷರ ಕೆಟ್ಟಿರುವುದಕ್ಕೆ ಕ್ಷಮಿಸು, ಭರಮಣ್ಣ ಹೊಸ್ತಿಲಲ್ಲಿ ನಿಂತಿದ್ದಾನೆ, ಅವನು ಮಿರಜದಲ್ಲಿ ಗಾಡಿ ಹಿಡಿಯಬೇಕು. ಬಂದವನೇ ʻಸಾವಕಾರ್ರ, ಪಾಲ ಹಿಡದೀರೇನ್ರಿ?ʼ ಎಂದ. ಪಾಲನ್ನು ಹಿಡಿಯುವುದಲ್ಲಪ್ಪ, ಹಂಚುವುದು ಎಂದು ತಿದ್ದಿದೆ. ʻಅಯ್ಯ, ಹಂಚಿದ್ರ ಸಾಯ್ತಾವಲ್ರಿ!ʼ ಎಂದು ಬಾಯಿ ತೆರೆದು ನಿಂತ. ಆಗ ಅಡುಗೆಮನೆಯ ಬಾಗಿಲಿನಿಂದ ಒಂದು ದನಿ ಕೇಳಿತು. ಯಾರದೆಂದು ನನಗೆ ಒಮ್ಮೆಲೇ ಹೊಳೆಯಲಿಲ್ಲ, ಏಕೆಂದರೆ ಆ ದನಿ ನನ್ನನ್ನು ಕುರಿತು ಎಂದೂ ಮಾತನಾಡಿದ್ದಿಲ್ಲ. ʻಪಾಲ ಅಂದ್ರ ಹಲ್ಲಿರಿ, ಭಾವಾರ.ʼ ನಿನ್ನ ತಾಯಿ ಎರಡು ಕೈಯಲ್ಲಿ ಎರಡು ಭರಣಿ ಹಿಡಿದು, ಬಾಯಿಗೆ ತೆಳುಬಟ್ಟೆ ಕಟ್ಟಿ, ಪಡಸಾಲೆಯ ನಡುವೆ ಬಂದು ನಿಂತಳು, ಸುಣ್ಣದ ಗೆರೆಯ ಮೇಲೆಯೇ.

ಆ ಮರಾಠಿ ಶಬ್ದ ನನಗೆ ಗೊತ್ತಿಲ್ಲದ್ದಲ್ಲ. ಕನ್ನಡ ವಾಕ್ಯದ ನಡುವೆ ಅದು ಇದ್ದೀತೆಂದು ನನ್ನ ಕಿವಿ ಒಪ್ಪಲಿಲ್ಲ, ಅಷ್ಟೇ. ಹೀಗೇಕೆ ಬಾಯಿಮಾತಿನಲ್ಲಿ ಹೇಳಿಕಳುಹಿಸಿದ ಎಂದರೆ ಭರಮಣ್ಣ, ʻನಿಮಗ ಬರದ್ರ ಕೆಂಪ ಶಾಯಿ ಹಚ್ಚಿ ತಿರುಗಿ ಕಳಸ್ತೀರಂತ, ಅದಕ್ಕ ನೀನ ಬಾಯಿಲೆ ಹೇಳು ಅಂದಾನ್ರಿʼ ಎಂದ. ನಿನ್ನ ತಾಯಿ ನೆಲವನ್ನೇ ನೋಡುತ್ತ ಇನ್ನೊಂದು ಮಾತು ಹೇಳಿದಳು: ʻಹಲ್ಲಿ ಕೇಳಿದ್ದ ನಿಮಗೂ ಗೊತ್ತೈತಿ ಅಂತ ತಿಳದಿದ್ದೆ. ನಿಮಗ ಬ್ಯಾರೆ ಆಗೂ ಮನಸ್ಸೈತಿ, ನನ್ನ ಮಗನ ಹೆಸರ ನೆವಾ ಮಾಡೀರಿ ಅಂದ್ಕೊಂಡೆ.ʼ ಮುರಿಗೆಪ್ಪಾ, ಆ ಮಾತಿನಲ್ಲಿ ತಿದ್ದುವುದಕ್ಕೆ ನನಗೆ ಒಂದಕ್ಷರವೂ ಸಿಗಲಿಲ್ಲ.

ಹಿರಿಯರಿಗೆ ಬರಬೇಡಿರೆಂದು ಹೇಳಿಕಳುಹಿಸಿದ್ದೇನೆ. ನಾಗವ್ವ ಒದ್ದೆ ಬಟ್ಟೆಯಿಂದ ಗೆರೆ ಒರೆಸುತ್ತಿದ್ದಾಳೆ. ಜಂತೆಯ ಮೇಲೆ ಕುಳಿತು ನನ್ನ ಸಂಶಯಗಳಿಗೆಲ್ಲ ಸಾಕ್ಷಿ ನುಡಿಯುತ್ತಿದ್ದ ಹಲ್ಲಿಯೇ ಮೊದಲನೆಯ ಭರಣಿಯಲ್ಲಿದೆ. ಅದರ ಹೊಟ್ಟೆಗೆ ನೊಣ ಹಾಕಲು ಭರಮಣ್ಣನಿಗೆ ಹೇಳಿಯಾಗಿದೆ. ಹೊಸ ಓಲೆ ಬರೆಯಲು ಹೊತ್ತಿಲ್ಲ, ಇದನ್ನು ಹರಿದುಹಾಕಲು ಮನಸ್ಸಿಲ್ಲ. ಮೇಲೆ ಕೇಳಿದ ಬರಹವನ್ನು ಕಳುಹಿಸಬೇಡ. ಅದರ ಬದಲು ಈ ಓಲೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ ನನಗೆ ಹಿಂದಕ್ಕೆ ಕಳುಹಿಸು. ಎಲ್ಲೆಲ್ಲಿ ಹಚ್ಚಬೇಕೆಂದು ನಿನಗೆ ತಿಳಿಯುತ್ತದೆ. ಆಮೇಲೆ ನೀನು ಬರೆ, ಹೇಗೆ ಬೇಕಾದರೂ ಬರೆ.

ಹಗೇವಿನದನ್ನು ತೊಳೆದರೂ ಹಳದಿ ಹೋಗಲಿಲ್ಲವೆಂದು ನಿನ್ನ ತಾಯಿ ಹೇಳಿದಳು, ನನಗೇ ಹೇಳಿದಳು. ಮನೆಯವು ಎರಡು, ಹಗೇವಿನವು ಎರಡು, ನೀನು ಹೇಳಿದಂತೆ ಬೇರೆ ಬೇರೆಯಾಗಿಯೇ ಇಟ್ಟಿದ್ದೇವೆ. ಭರಮಣ್ಣನ ಕೈಯಲ್ಲಿ ನಿನ್ನ ಪಾಲ ಕಳುಹಿಸಿದ್ದೇನೆ.